ಅಪ್ಪನ ಮಂಡಿಗೆ ಅಂಟಿಸಿದ ಪಟ್ಟಿ

ಔಷಧಿ ಅಂಗಡಿಯ ಸರತಿ ಸಾಲಿನಲ್ಲಿ, ನನ್ನ ಮುಂದೆ ಒಬ್ಬ ಅಕ್ಕ, ತಮ್ಮ ನಿಂತಿದ್ದರು. ಅಕ್ಕ ತಮ್ಮನನ್ನು ವಿಚಾರಿಸುತ್ತಿದ್ದಳು.

"ಅಪ್ಪನ ನೋವಿಗೆ ಅಂಟಿಸೋ ಔಷಧಿ ಪಟ್ಟಿ ಇಷ್ಟು ಬೇಗ ಖಾಲಿ ಆಯ್ತಾ?"

"ಡಾಕ್ಟರು ಎದೆಗೆ ಅಂಟಿಸಿದ್ರು. ನೋವಿರೋದು ಮಂಡೀಲಿ. ಅಲ್ಲಿಗೆ ನಾನೇ ಇನ್ನೊಂದು ಹಾಕಿದೆ."

"ಎದೇದು ತೆಗೆದೆ ತಾನೇ?"

"ಇರಲಿ ಅಂತ ಬಿಟ್ಟೆ. ಎರಡೂ ಕಡೆಯಿಂದ ಮುತ್ತಿಗೆ ಹಾಕಲಿ."

"ಅದು ಮಂಡಿಗೆ ತಿಕ್ಕೋ ಮುಲಾಮಲ್ಲ ಕಣೋ. ಚರ್ಮದಿಂದ ನಿಧಾನವಾಗಿ ರಕ್ತಕ್ಕಿಳಿದು ಮೆದುಳಿಗೆ ಹೋಗುತ್ತೆ."

"ಆ ನಿಧಾನಕ್ಕೂ ಉಪಾಯ ಮಾಡಿದೀನಿ. ಬೇಗ ಇಳೀಲಿ ಅಂತ ಪಟ್ಟಿ ಮೇಲೆ ಬಿಸಿನೀರಿನ ಚೀಲ ಇಟ್ಟೆ."

ಅಕ್ಕನ ದನಿ ಇಳಿಯಿತು.

"ಅಪ್ಪ ಈಗ ಏನ್ಮಾಡ್ತಿದ್ದಾರೆ?"

"ಸುಖನಿದ್ರೆ. ಕೂಗಿದ್ರೂ ಏಳಲಿಲ್ಲ. ಉಸಿರನ್ನೂ ಅವಸರವಿಲ್ಲದೆ ಎಳೀತಿದ್ದಾರೆ. ಅವರಲ್ಲಿ ಇಷ್ಟು ಸಮಾಧಾನ ನಾನು ಕಂಡೇ ಇರಲಿಲ್ಲ."

"ಸಮಾಧಾನ ಅಲ್ವೋ, ಔಷಧಿ ಹೆಚ್ಚಾಗಿ ಉಸಿರು ನಿಲ್ತಾ ಇದೆ. ನಿನ್ನ ಹೆಂಡ್ತಿಗೆ ಫೋನ್ ಮಾಡು. ಚೀಲ ತೆಗೀಲಿ, ಎರಡೂ ಪಟ್ಟಿ ಕೀಳಲಿ. ನಾನು ಆಂಬುಲೆನ್ಸ್ ಕರೀತೀನಿ."

ಅವನು ಫೋನು ತೆಗೆದನಾದರೂ ಕಣ್ಣು ಕೌಂಟರಿನ ಮೇಲೇ ಇತ್ತು.

"ಮುಂದೆ ಒಬ್ಬರೇ ಇದ್ದಾರಕ್ಕ. ಹೊಸ ಪಟ್ಟಿ ತಗೊಂಡೇ ಹೋಗೋಣ."

ಅಕ್ಕ ಅವನ ತೋಳು ಹಿಡಿದು ಬಾಗಿಲಿನತ್ತ ಎಳೆದಳು. ಎಳೆಸಿಕೊಳ್ಳುತ್ತಲೇ ಅವನು ನನ್ನ ಕಡೆ ತಿರುಗಿದ.

"ನನ್ನ ಜಾಗ ಸ್ವಲ್ಪ ನೋಡ್ಕೊಳ್ಳಿ ಸಾರ್, ಈಗ ಬಂದೆ."