ಯಸ್ ಸರ್ ಎಂದದ್ದನ್ನು ಉತ್ತರವೆಂದು ಬರೆದುಕೊಳ್ಳಬಾರದು

ಜಮಖಂಡಿ ಶಹರ ಪೊಲೀಸ್ ಠಾಣೆಯಲ್ಲಿ ದಿನಾಂಕ 23-01-2026ರಂದು ಬೆಳಿಗ್ಗೆ 11-20ಕ್ಕೆ ತಾನಾಗಿ ಹಾಜರಾದ ಸಾಕ್ಷಿದಾರಳ ಹೇಳಿಕೆ.

ಹೆಸರು: ಮೇಘಾ ತಂದೆ ರಾವಸಾಹೇಬ ಸಾವಂತನವರ. ವಯಸ್ಸು: 18. ಉದ್ಯೋಗ: ವಿದ್ಯಾರ್ಥಿನಿ, ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ, ಮೊದಲ ವರ್ಷ. ಸಾ: ತೇರದಾಳ, ಜಿ: ಬಾಗಲಕೋಟೆ. ಹಾಲಿ ವಾಸ: ಕಾಲೇಜಿನ ಹುಡುಗಿಯರ ಹಾಸ್ಟೆಲ್, ಮುಧೋಳ ರಸ್ತೆ, ಜಮಖಂಡಿ.

ಈ ಮೂಲಕ ತಿಳಿಸುವುದೇನೆಂದರೆ, ನಮ್ಮ ಉಪನ್ಯಾಸಕಿ ವಂದನಾ ಮೇಡಂ ಅವರ ಮೇಲೆ ಕಾಲೇಜಿನವರು ಕೊಟ್ಟಿರುವ ದೂರು ಖರೆ ಅಲ್ಲ. ನನ್ನ ಸಹಪಾಠಿ ಮಾಳಿಂಗರಾಯನಿಗೆ ಲ್ಯಾಬಿನಲ್ಲಿ ಆದ ಗಾಯಕ್ಕೆ ಅವರು ಕಾರಣರಲ್ಲ. ಇವತ್ತು ಸಂಜೆಯೊಳಗೆ ಅವರ ಮೇಲೆ ಪ್ರಕರಣ ದಾಖಲಾಗುತ್ತದೆ ಎಂದು ಕೇಳಿ ಓಡಿ ಬಂದಿದ್ದೇನೆ. ಯಾರೂ ನನಗೆ ಹೇಳಿ ಕಳಿಸಿಲ್ಲ. ಮನೆಯಲ್ಲಿ ಬೇಡ ಎಂದಿದ್ದಾರೆ. ನಾನು ಐದನೇ ತರಗತಿಯಿಂದ ಬೆಳಗಾವಿಯ ಇಂಗ್ಲಿಷ್ ಮಾಧ್ಯಮದ ಹಾಸ್ಟೆಲಿನಲ್ಲಿ ಓದಿದವಳು, ನನ್ನ ಕನ್ನಡದಲ್ಲಿ ಇಂಗ್ಲಿಷ್ ಬೆರೆಯುತ್ತದೆ. ಆದರೂ ಈ ಹೇಳಿಕೆಯನ್ನು ಕನ್ನಡದಲ್ಲೇ ಬರೆದುಕೊಳ್ಳಬೇಕೆಂದು ಮಹಿಳಾ ಪೇದೆ ಮಾಲಾ ಮೇಡಂ ಅವರಲ್ಲಿ ಕೇಳಿಕೊಂಡೆ. ನಾನು ಹೇಳಿದಂತೆ ಅವರು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದಾರೆ.

ನಮ್ಮ ತರಗತಿಯಲ್ಲಿ ಒಟ್ಟು 26 ಜನ ಇದ್ದೇವೆ. ನನ್ನೊಬ್ಬಳನ್ನು ಬಿಟ್ಟರೆ ಎಲ್ಲರೂ ಮುಧೋಳ, ಬೀಳಗಿ, ರಬಕವಿ ಕಡೆಯ ಹಳ್ಳಿಗಳಲ್ಲಿ ಕನ್ನಡ ಸಾಲಿ ಕಲಿತು ಬಂದವರು. ಪುಸ್ತಕ, ಪರೀಕ್ಷೆ ಎರಡೂ ಇಂಗ್ಲಿಷಿನಲ್ಲಿವೆ. ವಂದನಾ ಮೇಡಂ ಪ್ರತಿ ಪಾಠವನ್ನು ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಅದೇ ಪಾಠವನ್ನು ಇಂಗ್ಲಿಷಿನಲ್ಲಿ ನಮ್ಮಿಂದಲೇ ಹೇಳಿಸುತ್ತಿದ್ದರು. ಗೂಟಾ ಗಟ್ಟಿ ಹುಗಿದಿದ್ರ ಎಂಥಾ ಎಮ್ಮಿನೂ ಕಟ್ಟಬಹುದು, ಗೂಟಾನ ಇಲ್ಲಂದ್ರ ಹಗ್ಗಾ ಹಿಡ್ಕೊಂಡು ಊರತುಂಬ ಓಡೂದ ಆಕ್ಕೈತಿ ಅಂತ ನಗಿಸುತ್ತಿದ್ದರು. ಡಿಸೆಂಬರಿನ ಕಿರು ಪರೀಕ್ಷೆಯಲ್ಲಿ ಮಾಳಿಂಗರಾಯ ಇಂಗ್ಲಿಷಿನಲ್ಲಿ ಒಂದೂವರೆ ಪುಟ ತಾನಾಗಿ ಬರೆದಿದ್ದ. ಇವನು ರನ್ನ ಬೆಳಗಲಿಯವನು, ಕುರಿ ಸಾಕುವ ಮನೆತನದವನು. ಆ ಉತ್ತರ ಪತ್ರಿಕೆಯನ್ನು ಊರಿಗೆ ಒಯ್ದು ಅವ್ವನಿಗೆ ತೋರಿಸಿ ಬಂದಿದ್ದ.

ದಿನಾಂಕ 05-01-2026ರಂದು ಕಾಲೇಜಿನಲ್ಲಿ ಒಂದು ನೋಟಿಸು ಹಚ್ಚಿದರು. ತರಗತಿ, ಲ್ಯಾಬ್, ಗ್ರಂಥಾಲಯ ಎಲ್ಲಿಯೂ ಕನ್ನಡದಲ್ಲಿ ಪಾಠ ಹೇಳಕೂಡದು, ಹೇಳಿದ ಉಪನ್ಯಾಸಕರ ಮೇಲೆ ಕ್ರಮ ಎಂದಿತ್ತು. ವಂದನಾ ಮೇಡಂ ಅವತ್ತೇ ಪ್ರಾಚಾರ್ಯರ ಕೋಣೆಗೆ ಹೋಗಿ, ಇಂಗ್ಲಿಷ್ ಬ್ಯಾಡ ಅನ್ನಾಕತ್ತಿಲ್ರಿ ಸರ್, ಇಂಗ್ಲಿಷಿಗೆ ಹತ್ತಾಕ ಮೆಟ್ಟಲಾ ಕಸ್ಕೋಬ್ಯಾಡ್ರಿ ಅಂತ ಹೇಳಿದರು. ಬಾಗಿಲು ತೆರೆದಿತ್ತು, ನಾವೆಲ್ಲ ಹೊರಗೆ ನಿಂತು ಕೇಳಿದೆವು.

ಮರುದಿನ ನಾವು ಹನ್ನೆರಡು ಜನ ಪ್ರಾಚಾರ್ಯರ ಬಳಿ ಹೋದೆವು. ಏನು ತೊಂದರೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಮಾತ್ರ ಕೇಳುತ್ತೇನೆ ಎಂದರು. ಹಿಂದೆ ನಿಂತವರು ನನ್ನನ್ನು ದೂಡಿ, ಏ ಇಂಗ್ಲಿಷ್ ಅಕ್ಕಾ, ನೀನ ಹೇಳಬೇ ಅಂದರು. ನಾನು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಒಮ್ಮೆ ಹೇಳದಿದ್ದರೆ ಇವರಿಗೆ ಪಾಠ ತಿಳಿಯುವುದಿಲ್ಲ ಎಂದು ವಿವರವಾಗಿ ಹೇಳಿದೆ. ಪ್ರಾಚಾರ್ಯರು ಪೂರ್ತಿ ಕೇಳಿದರು. ಕೇಳಿ ಬಹಳ ಖುಷಿಪಟ್ಟರು. ನೋಡಿ, ನಿಮ್ಮ ಪರವಾಗಿ ಇವಳು ಎಷ್ಟು ಚೆಂದ ಇಂಗ್ಲಿಷ್ ಮಾತಾಡಿದಳು, ಕನ್ನಡ ನಿಲ್ಲಿಸಿದರೆ ನೀವೂ ಹೀಗೇ ಆಗುತ್ತೀರಿ ಎಂದು ಕಳಿಸಿಬಿಟ್ಟರು. ಹೊರಗೆ ಬಂದ ಮೇಲೆ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ತರಗತಿಯಲ್ಲಿ ಒಂದು ರೂಢಿ ಬಿತ್ತು. ತಿಳಿಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಎಲ್ಲರೂ ಕೂಡಿ ಯಸ್ ಸರ್ ಅನ್ನುವುದು. ತಿಳಿದಿಲ್ಲ ಎಂದರೆ, ಏನು ತಿಳಿದಿಲ್ಲ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲು ಎಬ್ಬಿಸಿ ನಿಲ್ಲಿಸುತ್ತಾರೆ. ಯಸ್ ಎಂದರೆ ಕೂಡಿಸುತ್ತಾರೆ. ಹೌದೋ ಅಲ್ಲವೋ ಎಂದು ಕೇಳಿದರೂ ಯಸ್, ಹೆಸರೇನು ಎಂದು ಕೇಳಿದರೂ ಯಸ್. ಮಾಳಿಂಗರಾಯ ನನ್ನ ಮುಂದೆ, ನಮ್ಮ ಹಟ್ಟ್ಯಾಗ ಮುಂದಿನ ಕುರಿ ಬ್ಯಾ ಅಂದ್ರ ಹಿಂದಿನವೆಲ್ಲಾ ಬ್ಯಾ ಅಂತಾವ ನೋಡವಾ, ಇಲ್ಲೂ ಅದ ಹಟ್ಟಿ, ಫೀ ಅಷ್ಟ ಜಾಸ್ತಿ ಅಂತ ನಕ್ಕಿದ್ದ.

ವಂದನಾ ಮೇಡಂ ಕಾಲೇಜು ಬಿಟ್ಟ ಮೇಲೆ ತಮ್ಮ ಬಾಡಿಗೆ ಮನೆಯ ಕಟ್ಟೆಯ ಮೇಲೆ ಸಂಜೆ ಒಂದು ತಾಸು ಕನ್ನಡದಲ್ಲಿ ಪಾಠ ಹೇಳತೊಡಗಿದರು. ಹಾಸ್ಟೆಲಿನಿಂದ ಸುಮಾರು 400 ಮೀಟರ್ ದೂರ. ದಿನಾಂಕ 19-01-2026ರ ಸೋಮವಾರ ಆಟೋಕ್ಲೇವಿನ ಪಾಠ ಹೇಳುವುದಾಗಿ ತಿಳಿಸಿದ್ದರು. ಆಟೋಕ್ಲೇವ್ ಎಂದರೆ ಸಲಕರಣೆಗಳನ್ನು ಉಗಿಯಲ್ಲಿ ಕುದಿಸಿ ಶುದ್ಧ ಮಾಡುವ ಯಂತ್ರ, ದೊಡ್ಡ ಕುಕ್ಕರಿನಂಥದು. ಆ ಸೋಮವಾರ ಸಂಜೆ 5 ಗಂಟೆಗೆ ಹುಡುಗರ ಮತ್ತು ಹುಡುಗಿಯರ ಎರಡೂ ಹಾಸ್ಟೆಲಿನ ಗೇಟಿಗೆ ಬೀಗ ಹಾಕಿದರು. ಹೊರಗೆ ಹೋಗಿ ಕನ್ನಡ ಪಾಠ ಕೇಳುವವರ ಸೀಟು ಹೋಗುತ್ತದೆ ಎಂದು ವಾರ್ಡನ್ ಹೇಳಿದರು. ಮೇಡಂ ರಸ್ತೆಯ ಆಚೆ ಬದಿ ಬಂದು ನಿಂತಿದ್ದರು. ಸ್ವಲ್ಪ ಹೊತ್ತು ಕಾದು ಹಿಂದಿರುಗಿದರು. ಹೀಗಾಗಿ ಆ ಯಂತ್ರದ ಬಗ್ಗೆ ಮೇಡಂ ನಮಗೆ ಒಂದು ಅಕ್ಷರವನ್ನೂ ಹೇಳಿಲ್ಲ. ಇದನ್ನು ದಯವಿಟ್ಟು ಎದ್ದು ಕಾಣುವಂತೆ ಬರೆದುಕೊಳ್ಳಬೇಕು.

ದಿನಾಂಕ 20-01-2026ರ ಮಂಗಳವಾರ ಬೆಳಿಗ್ಗೆ 10-30ಕ್ಕೆ ಲ್ಯಾಬ್ ಇತ್ತು. ಹೇಳಿಕೊಡುವವರು ಸನ್ಮತಿ ಸರ್. ಇವರು ನಮ್ಮ ಊರ ಕಡೆಯವರು, ಒಳ್ಳೆಯವರು. ಇಂಗ್ಲಿಷ್ ಮಾತು ಅವರಿಗೂ ಸರಾಗವಲ್ಲ, ಆದ್ದರಿಂದ ಯಂತ್ರದ ಜೊತೆ ಬಂದ ಪುಸ್ತಕವನ್ನು ಹಿಡಿದು ಓದಿದರು. ಉಗಿಯ ಒತ್ತಡ ತೋರಿಸುವ ಮುಳ್ಳು ಸೊನ್ನೆಗೆ ಬರುವವರೆಗೆ ಮುಚ್ಚಳದ ತಿರುಪು ಸಡಿಲಿಸಬಾರದು ಎಂಬುದೂ ಅದರಲ್ಲಿತ್ತು. ಓದಿ, ತಿಳಿಯಿತೇ ಎಂದರು. ಎಲ್ಲರೂ ಯಸ್ ಸರ್ ಎಂದೆವು. ಮಾಳಿಂಗರಾಯನನ್ನು ಯಂತ್ರದ ಹತ್ತಿರ ನಿಲ್ಲಿಸಿ, ಸರ್ ಕೊನೆಯ ಮೇಜಿನ ಕಡೆ ಹೋದರು. ಹಿಂದಿನ ವಾರ ಬಳಸಿದ ಬಿಸಿಗಾಳಿಯ ಯಂತ್ರದಲ್ಲಿ ಕೆಂಪು ದೀಪ ಆರಿದರೆ ಕೆಲಸ ಮುಗಿದಂತೆ. ಆಟೋಕ್ಲೇವಿನ ದೀಪ 11-15ರ ಸುಮಾರಿಗೆ ಆರಿತು. ಸರ್ ಹೇಳಿದ ಮಾತು ತಿಳಿಯದೆ ಅವನು ತಿರುಪುಗಳನ್ನು ಸಡಿಲಿಸಿದನು. ಸನ್ಮತಿ ಸರ್ ದೂರದಿಂದ ನೋಡಿ, ಏ ಬ್ಯಾಡೋ, ಕೈ ತಗೀಲೇ ಅಂತ ಚೀರಿ ಓಡಿ ಬಂದರು. ನೋಟಿಸು ಬಂದ ಮೇಲೆ ಲ್ಯಾಬಿನಲ್ಲಿ ಅವರ ಬಾಯಿಂದ ಬಂದ ಮೊದಲ ಕನ್ನಡ ಮಾತು ಅದು. ಅಷ್ಟರಲ್ಲಿ ಮುಚ್ಚಳ ಹಾರಿ ಉಗಿ ಅವನ ಬಲಗೈಗೂ ಮುಖದ ಬಲಭಾಗಕ್ಕೂ ಹೊಡೆದಿತ್ತು. ನಾನು ಆರು ಅಡಿ ದೂರದಲ್ಲಿದ್ದೆ. ಅವನು ಮೊದಲು ಅಂದದ್ದು ಸಾರಿ ಸರ್ ಎಂದು. ಅವ್ವಾ ಎಂದು ಕೂಗಿದ್ದು ಆಮೇಲೆ.

ಅವನನ್ನು ಸರಕಾರಿ ಆಸ್ಪತ್ರೆಗೆ ಸನ್ಮತಿ ಸರ್ ತಮ್ಮ ಗಾಡಿಯಲ್ಲೇ ಒಯ್ದರು. ಬಲಗಣ್ಣಿನ ವಿಷಯ ವಾರದವರೆಗೆ ಏನೂ ಹೇಳಲಾಗದು ಎಂದು ವೈದ್ಯರು ತಿಳಿಸಿದ್ದಾರೆ.

ದಿನಾಂಕ 21-01-2026ರಂದು ಬೆಳಿಗ್ಗೆ 9-40ಕ್ಕೆ ನಾನು ಅವನ ತಾಯಿ ಸಿದ್ದಕ್ಕನವರಿಗೆ ಹಾಸ್ಟೆಲಿನಿಂದ ಆಸ್ಪತ್ರೆಗೆ ಚಹಾ ಒಯ್ದಿದ್ದೆ. ಆಗ ಪ್ರಾಚಾರ್ಯರೂ ಆಡಳಿತ ಮಂಡಳಿಯ ಒಬ್ಬರೂ ಬಂದು ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತ ಮಾಳಿಂಗರಾಯನ ವಿಚಾರಣೆ ಮಾಡಿದರು. ಎಲ್ಲ ಪ್ರಶ್ನೆ ಇಂಗ್ಲಿಷಿನಲ್ಲಿ. ವಂದನಾ ಮೇಡಂ ನಿನಗೆ ಹೊರಗೆ ಪಾಠ ಹೇಳುತ್ತಿದ್ದರೇ ಎಂದರು. ಯಸ್ ಸರ್ ಎಂದನು. ದೀಪ ಆರಿದರೆ ಮುಚ್ಚಳ ತೆಗೆ ಎಂದು ಅವರೇ ಹೇಳಿದ್ದರೇ ಎಂದರು. ಯಸ್ ಸರ್. ಸನ್ಮತಿ ಸರ್ ಏನಾದರೂ ತಪ್ಪು ಮಾಡಿದರೇ ಎಂದರು. ಅದಕ್ಕೂ ಯಸ್ ಸರ್. ಇಬ್ಬರೂ ಮುಖ ನೋಡಿಕೊಂಡು ವಿಡಿಯೋ ನಿಲ್ಲಿಸಿದರು. ಮತ್ತೆ ಹಚ್ಚಿ, ಸನ್ಮತಿ ಸರ್ ಸರಿಯಾಗಿ ಹೇಳಿದ್ದರಲ್ಲವೇ ಎಂದು ತಿರುಗಿಸಿ ಕೇಳಿದರು. ಯಸ್ ಸರ್. ಈಗ ನೋವು ಕಡಿಮೆಯೇ ಎಂದರು. ಯಸ್ ಸರ್ ಎಂದನು. ಅವನ ಎಡಗಣ್ಣಿನಿಂದ ನೀರು ಹರಿಯುತ್ತಿತ್ತು.

ಸರ್, ಅವನಿಗೆ ಪ್ರಶ್ನೆ ತಿಳಿದಿಲ್ಲ, ದಯವಿಟ್ಟು ಕನ್ನಡದಲ್ಲಿ ಕೇಳಿ ಎಂದು ನಾನು ನಡುವೆ ಹೇಳಿದೆ. ಇದು ಕಾಲೇಜಿನ ವಿಚಾರಣೆ, ನಿಯಮ ಇಲ್ಲಿಗೂ ಸಲ್ಲುತ್ತದೆ, ನೀನು ಹೊರಗೆ ಹೋಗು ಎಂದರು. ನಾನು ಬಾಗಿಲಲ್ಲೇ ನಿಂತು ಉಳಿದದ್ದನ್ನೂ ಕಂಡು ಕೇಳಿದೆ. ಆ ವಿಡಿಯೋವನ್ನೇ ದೂರಿನ ಜೊತೆ ಕೊಟ್ಟಿದ್ದಾರೆ ಎಂದು ತಿಳಿಯಿತು.

ಅವರು ಹೋದ ಮೇಲೆ ಸಿದ್ದಕ್ಕನವರು ನನ್ನ ಕೈ ಹಿಡಿದು, ಏನ್ ಕೇಳಿದ್ರವಾ ನನ್ನ ಮಗಗ, ಎಲ್ಲಾದಕ್ಕೂ ಒಂದ ಹೇಳಿದ್ನಲ್ಲ ಅಂತ ಕೇಳಿದರು. ನಾನು ಒಂದೊಂದಾಗಿ ಕನ್ನಡದಲ್ಲಿ ಹೇಳಿದೆ. ಅವರು ಸೊಂಟದ ಚೀಲದಿಂದ ಬೀರಪ್ಪ ದೇವರ ಭಂಡಾರ, ಅಂದರೆ ಅರಿಶಿಣ ಪುಡಿ, ತೆಗೆದರು. ಅದನ್ನು ಕೈಯಲ್ಲಿ ಹಿಡಿದವರು ಸುಳ್ಳಾಡುವುದಿಲ್ಲ ಎಂಬುದು ಅವರ ಮನೆತನದ ನಡೆ. ಬಲಗೈಗೆ ಪಟ್ಟಿ ಇದ್ದುದರಿಂದ ಮಗನ ಎಡ ಅಂಗೈಯಲ್ಲಿ ಹಾಕಿ ಬೆರಳು ಮುಚ್ಚಿಸಿದರು.

ಬೀರಪ್ಪ ಕೈಯಾಗ ಅದಾನ, ಆ ಮೇಡಮ್ಮ ನಿನಗ ಮುಚ್ಚಳಾ ತಗೀ ಅಂದಿದ್ಲೇನು ಅಂತ ಕೇಳಿದರು. ಅವನು, ಇಲ್ಲಬೇ ಯವ್ವಾ, ಅವರ ಪಾಠಕ್ಕ ಹೋಗಾಕ ಬಿಟ್ಟಿದ್ರ ನಾ ತಗೀತಿದ್ದಿಲ್ಲ ಅಂದನು. ಮತ್ಯಾಕ ಹೂಂ ಹೂಂ ಅಂದಿ ಅಂತ ಕೇಳಿದರು. ಯಸ್ ಅಂದ್ರ ಬಿಟ್ಟು ಹೊಕ್ಕಾರಬೇ ಅಂದನು. ಸಿದ್ದಕ್ಕನವರು ಅವನ ತಲೆ ನೇವರಿಸಿ, ನಾ ನಿನ್ನ ಸಾಲಿಗಿ ಕಳಿಸಿದ್ದು ಮಾತ ಕಲೀಲಿ ಅಂತಲೋ ಮಗನ ಅಂದರು. ಇದೆಲ್ಲ ಆಗುವಾಗ ಪಕ್ಕದ ಹಾಸಿಗೆಯಲ್ಲಿ ಲೋಕಾಪುರದ ಪರಸಪ್ಪ ಎಂಬ ಅಜ್ಜ ಇದ್ದರು, ಅವರೂ ಕೇಳಿದ್ದಾರೆ.

ನಿನ್ನೆ ದಿನಾಂಕ 22-01-2026ರಂದು ಕಾಲೇಜಿನವರು ದೂರು ಕೊಟ್ಟರು. ನಾನು ಅಪ್ಪನಿಗೆ ಫೋನ್ ಮಾಡಿದೆ. ನಿನ್ನ ಸೀಟ್ ಹೋದೀತು, ಸನ್ಮತಿ ನಮ್ಮವನ, ನೀ ಸುಮ್ನ ಓದು ಅಂದರು. ಆದರೂ ಇವತ್ತು ಬಂದೆ. ವಂದನಾ ಮೇಡಂ ಠಾಣೆಯ ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ಕಂಡು, ಮಂಗಳವಾರ ಟೆಸ್ಟ್ ಐತಿ, ನೀ ಯಾಕ ಬಂದಿ ಹುಚ್ಚಿ, ಹೋಗು ಅಂದರು.

ನನಗೆ ಇಂಗ್ಲಿಷಿನ ಮೇಲೆ ಸಿಟ್ಟಿಲ್ಲ, ನಾನು ಅದರಲ್ಲೇ ಓದಿದ್ದೇನೆ. ಸನ್ಮತಿ ಸರ್‌ಗೂ ಶಿಕ್ಷೆ ಆಗಲಿ ಎಂದು ಕೇಳುತ್ತಿಲ್ಲ. ಮಾಳಿಂಗರಾಯನ ಹೇಳಿಕೆಯನ್ನು ಅವನ ತಾಯಿಯ ಎದುರಿಗೆ, ಕನ್ನಡದಲ್ಲಿ, ಇನ್ನೊಮ್ಮೆ ಪಡೆಯಬೇಕು, ಅಲ್ಲಿಯವರೆಗೆ ಮೇಡಂ ಮೇಲೆ ಪ್ರಕರಣ ಮಾಡಬಾರದು ಎಂಬುದಷ್ಟೇ ನನ್ನ ಬೇಡಿಕೆ. ಅವರೂ ಹೋದರೆ ನಮ್ಮ 26 ಜನರಲ್ಲಿ ಮುಂದಿನ ತಿರುಪಿಗೆ ಯಾರ ಕೈ ಬೀಳುತ್ತದೋ ಹೇಳಲಾಗದು.

ಇಷ್ಟನ್ನು ಬರೆದುಕೊಂಡು ಮಾಲಾ ಮೇಡಂ ನನಗೆ ಓದಿ ಹೇಳಿದರು. ಓದಿ, ತಿಳೀತೇನವಾ ಎಂದು ಕೇಳಿದರು. ನನ್ನ ಬಾಯಿಂದ ಯಸ್ ಮೇಡಂ ಎಂದು ಬಂತು. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹೆದರಿಕೆಯಲ್ಲಿ ಅರ್ಧ ಕೇಳಿಸಿಲ್ಲ, ಇನ್ನೊಮ್ಮೆ ನಿಧಾನವಾಗಿ ಓದಿ ಎಂದು ಕೇಳಿಕೊಂಡೆ. ಅವರು ನೀರು ಕೊಟ್ಟು, ಮೊದಲಿನಿಂದ ಓದಿದರು. ಎರಡನೇ ಸಲ ಕೇಳಿದಾಗ, ಮಾಳಿಂಗರಾಯನು ಸರ್ ಹೇಳಿದ ಮಾತು ಮೀರಿ ತಿರುಪು ಸಡಿಲಿಸಿದನು ಎಂದು ಬರೆದದ್ದು ಗಮನಕ್ಕೆ ಬಂತು. ನಾನು ಹಾಗೆ ಹೇಳಿರಲಿಲ್ಲ. ಮೀರಿ ಎಂಬುದನ್ನು ತೆಗೆಸಿ ತಿಳಿಯದೆ ಎಂದು ಹಾಕಿಸಿದ್ದೇನೆ. ಈಗ ಪ್ರತಿ ಸಾಲೂ ನನಗೆ ತಿಳಿದಿದೆ, ಪ್ರತಿ ಸಾಲೂ ನಾನು ಕಂಡು ಕೇಳಿದ್ದೇ ಆಗಿದೆ. ತಿಳಿದ ಮೇಲೆಯೇ ಸಹಿ ಮಾಡುತ್ತಿದ್ದೇನೆ.

ಸ್ಥಳ: ಜಮಖಂಡಿ
ದಿನಾಂಕ: 23-01-2026, ಮಧ್ಯಾಹ್ನ 1-05

ಸಹಿ: ಮೇಘಾ ರಾ. ಸಾವಂತನವರ
(ಕನ್ನಡದಲ್ಲಿ)