ಕ್ಲಬ್ಬಿನ ದಾರಿಗೆ ಜಟಕಾ ಇಲ್ಲ

ಮೀಟಿಂಗ್ ಮುಗಿದೊಡನೆ ಒಟ್ಟಿಗೆ ಮನೆಗೆ ಹೋಗೋಣ ಎಂದಿದ್ದ ಗಂಡನಿಗಾಗಿ ಮರುದೇವಿ ಚನ್ನರಾಯಪಟ್ಟಣದ ಪುರಸಭೆ ಜಗುಲಿಯಲ್ಲಿ ಕಾದಿದ್ದಳು. ಗಂಡ ಇಂದ್ರಕುಮಾರ್ ಪುರಸಭೆಯ ಮೆಂಬರು. ಮೆಟ್ಟಿಲ ಬಳಿ ಜಟಕಾದ ಬೈರಯ್ಯನೂ ಜವರನೂ ಮಾತಾಡುತ್ತಿದ್ದರು.

"ನಮ್ಮ ಲೈಸೆನ್ಸ್ ಫೀಜು ಏರಿಸವ್ರೆ ಕಣ್ಲಾ ಜವರ. ಇಸ್ಪೀಟ್ ಕ್ಲಬ್ಬಿಗೆ ಮಾತ್ರ ಏನೂ ಇಲ್ಲ."

"ಮೆಂಬ್ರುಗಳೇ ಅಲ್ವಾ ಬೈರಣ್ಣ, ಅಲ್ಲಿ ಆಡೋರು."

"ಅಲ್ಲಿಗೆ ಅವರ್ನ ಕರ್ಕೊಂಡ್ ಓಗೋರು ಯಾರ್ಲಾ?"

"ನಾವೇಯ."

"ಇವತ್ತಿಂದ ಇಲ್ಲ. ಆಸ್ಪತ್ರೆಗೆ ಅಂದ್ರೆ ಗಾಡಿ ಕಟ್ಟು. ಕ್ಲಬ್ಬಿಗೆ ಅಂದ್ರೆ ಕುದ್ರೆ ಬಿಚ್ಚು."

"ಬಾಡ್ಗೆ ಓಯ್ತದಲ್ಲಣ್ಣ."

"ಓಗ್ಲಿ ಕಣ್ಲಾ."

ಅಷ್ಟರಲ್ಲಿ ಇಂದ್ರಕುಮಾರ್ ಹೊರಬಂದ. "ಮೊದಲು ನನ್ನನ್ನ ಕ್ಲಬ್ಬಿಗೆ ಬಿಡಯ್ಯ, ಆಮೇಲೆ ಇವಳನ್ನ ಮನೆಗೆ" ಎಂದ.

"ಅಮ್ಮಾವ್ರನ್ನ ಮನೆಗೆ ಬುಡ್ತೀನಿ," ಎಂದ ಜವರ. "ಕ್ಲಬ್ಬಿಗೆ ಗಾಡಿ ಇಲ್ಲ ಸಾ."

ಇಂದ್ರಕುಮಾರ್ ಹೆಂಡತಿಯ ಕಡೆ ತಿರುಗುವಷ್ಟರಲ್ಲಿ ಮರುದೇವಿ ಗಾಡಿ ಹತ್ತಿ ಕೂತಾಗಿತ್ತು.

"ನಡಿಯಪ್ಪ," ಎಂದಳು ಜವರನಿಗೆ. "ಕಾದದ್ದು ಸಾಕು."