ಮಲಗಿದ ಗೆರೆ

ಒಬ್ಬ ಸಾಹುಕಾರ ಇದ್ದ. ಯಾವ ಊರು ಎಂದು ಕೇಳಬೇಡಿ, ನಮ್ಮೂರೇ ಎಂದು ಸಿಟ್ಟಿಗೇಳುತ್ತೀರಿ. ದ್ರಾಕ್ಷಿ ಸಾಗಿಸುವ ಆರು ಟೆಂಪೊ ಅವನವು. ಒಂದೊಂದಕ್ಕೂ ಓಡಿದ ದೂರ ಅಳೆಯುವ ಯಂತ್ರ ಕೂರಿಸಿದ್ದ. ಗಾಡಿ ಓಡಿದಂತೆ ಅವನ ಮೊಬೈಲಿನಲ್ಲಿ ಗೆರೆ ಮೂಡುತ್ತಿತ್ತು: ಅಡ್ಡಕ್ಕೆ ಹೊತ್ತು, ಮೇಲಕ್ಕೆ ದೂರ.

ಅದನ್ನು ಓದಲು ಕಲಿಸಿದವರು ಅವನ ಕಚೇರಿಯಲ್ಲಿದ್ದ ಮುದುಕ ಮಾಸ್ತರರು.

"ಗೆರಿ ಎಷ್ಟು ಎತ್ತರ ಐತಿ ಅಂತಲ್ರೀ, ಎಷ್ಟು ಕಡಿದಾಗಿ ಏರೇತಿ ನೋಡ್ರಿ. ಎರಡು ತಾಸಿನ್ಯಾಗ ನೂರಾ ಇಪ್ಪತ್ತು ಕಿಲೋಮೀಟರ್ ಏರಿದ್ರ, ಭಾಗಿಸ್ರಿ. ತಾಸಿಗೆ ಅರವತ್ತು. ಅದ ವೇಗ. ಗೆರಿ ಅಡ್ಡ ಮಲಗಿದ್ರ, ಗಾಡಿ ನಿಂತೈತಿ."

ಇಷ್ಟೇ ವಿದ್ಯೆ. ಇಷ್ಟು ಸಾಕಾಯಿತು ಸಾಹುಕಾರನಿಗೆ! ಮರುದಿನವೇ ಒಬ್ಬ ಡ್ರೈವರನನ್ನು ಹಿಡಿದ.

"ಇಲ್ಲಿ ಅರ್ಧ ತಾಸು ಗೆರಿ ಮಲಗೇತಿ. ನೀನೂ ಮಲಗಿದ್ದೇನಲೇ?"

"ರೊಟ್ಟಿ ತಿಂದ್ನಿರೀ, ಸಾವಕಾರ್ರ."

"ಸ್ಟೇರಿಂಗ್ ಹಿಡಕೊಂಡ ತಿನ್ನು. ಇನ್ನ ಗೆರಿ ಮಲಗಿದ್ರ ನೀ ಮನಿಗೆ ನಡಿ."

ಮನೆಯಲ್ಲಿ ಬಸುರಿ ಹೆಂಡತಿ. ಅವನೆಲ್ಲಿಗೆ ನಡೆದಾನು? ಅಂದಿನಿಂದ ಗೆರೆ ಮಲಗಲಿಲ್ಲ. ಸಾಹುಕಾರ ಹಿಗ್ಗಿ ಮಾಸ್ತರರಿಗೆ ತೋರಿಸಿದ. ಅವರು ಕನ್ನಡಕ ಏರಿಸಿ ನೋಡಿದರು.

"ಎರಡು ತಾಸಿಗೆ ನೂರಾ ಅರವತ್ತು. ತಾಸಿಗೆ ಎಂಬತ್ತು ಆತು. ಆ ರಸ್ತೆಗೆ ಇದು ಭಾಳ ಆತ್ರೀ. ಈ ಹುಡುಗ ಉಣ್ಣೂದು ಯಾವಾಗ?"

"ನಿಮಗ ಭಾಗಿಸೂದಷ್ಟ ಕೇಳೀನಿ, ಮಾಸ್ತರ."

ನೋಡಿ, ಮೂರನೆಯ ವಾರ. ಮಟಮಟ ಮಧ್ಯಾಹ್ನ. ಕಡಿದಾಗಿ ಏರುತ್ತಿದ್ದ ಆ ಡ್ರೈವರನ ಗೆರೆ ಒಮ್ಮೆಲೇ ಅಡ್ಡ ಬಿತ್ತು. ಸಾಹುಕಾರನಿಗೆ ಮೈಯೆಲ್ಲ ಉರಿ. ಫೋನು ಹಚ್ಚಿದ.

"ಯಾಕಲೇ ಮಲಗೀದಿ? ಏಳಲೇ!"

ಯಾರೋ ದಾರಿಹೋಕನ ದನಿ ಬಂತು. "ಗಾಡಿ ಹಳ್ಳದಾಗ ಬಿದ್ದೈತ್ರೀ. ನಿದ್ದಿ ಹತ್ತಿತ್ತು ಅಂತ ಕಾಣತೈತಿ. ಈ ಮನಷ್ಯಾ ಇನ್ನ ಏಳಂಗಿಲ್ರೀ."

ಸಾಹುಕಾರನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? "ದ್ರಾಕ್ಷಿ?"

ಆ ಯಂತ್ರ ಮಾತ್ರ ಕೆಟ್ಟಿರಲಿಲ್ಲ. ಸಂಜೆಯವರೆಗೂ ಗೆರೆ ಎಳೆಯುತ್ತಲೇ ಇತ್ತು. ಹೊತ್ತು ಮುಂದೆ ಹೋಗುತ್ತಿತ್ತು, ಗೆರೆ ಏರುತ್ತಿರಲಿಲ್ಲ. ಸಾಹುಕಾರ ನೋಡುತ್ತಲೇ ಕುಳಿತ. ಈಗ ಯಾರನ್ನು ಬೈಯಬೇಕು?

ಬೈಯುತ್ತಿದ್ದೀರಾ, ಸಾಹುಕಾರ ಕೆಟ್ಟವನೆಂದು? ಬೆಳಗಿನಿಂದ ದುಡಿದ ಸೊಸೆ ಗೋಡೆಗೆ ಒರಗಿದರೆ, "ಏನವ್ವಾ, ಸುಮ್ಮನ ಕುಂತಿ?" ಎಂದವರು ಯಾರು? ನಿಮ್ಮ ಹೊಲದ ಆಳು ಬೇವಿನ ನೆರಳಿಗೆ ಹೋದಾಗ ಗಡಿಯಾರ ನೋಡಿದವರು ಯಾರು? ಗೆರೆ ಮಲಗಿದ್ದು ನಿಮಗೆ ಕಾಣುತ್ತದೆ. ಯಾಕೆ ಮಲಗಿತು ಎಂದು ಕೇಳಿದ್ದೀರಾ?

ಇವತ್ತು ಮನೆಗೆ ಹೋಗಿ. ಯಾರಾದರೂ ಕುಳಿತಿದ್ದರೆ ಎಬ್ಬಿಸಬೇಡಿ. "ಉಂಡೆಯಾ?" ಎಂದು ಕೇಳಿ. ಉತ್ತರ ಕೊಡಲು ಅವರು ಇರುವಾಗಲೇ ಕೇಳಿ.